ಕರಿ ಶಾವಿಗೆಯ ಮೇಡಂ

“ಸಾರ್, ನಿಮಗೆ ಕುರಿ ರಕ್ತ ಸಿಗ್ತೈತಾ?”

ಚಿತ್ರದುರ್ಗದ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದ ಹೊತ್ತಿನಲ್ಲಿ ಕೆಮಿಸ್ಟ್ರಿ ಮೇಡಂ ನನ್ನನ್ನು ಹೀಗೆ ಕೇಳಿದರು. ಕೇಳಿದವರು ದಿನವೂ ಹಣೆಗೆ ವಿಭೂತಿ ಇಟ್ಟುಕೊಂಡು, ಲಿಂಗಪೂಜೆ ಮುಗಿಸದೆ ಹನಿ ನೀರನ್ನೂ ಕುಡಿಯದ ಹೆಂಗಸು. ಪಕ್ಕದಲ್ಲಿ ಮೊಸರನ್ನ ಕಲಸುತ್ತಿದ್ದ ಗಣಿತದ ಮೇಷ್ಟ್ರು ಕಲಸುವುದನ್ನು ನಿಲ್ಲಿಸಿ, ತಪ್ಪೆಲ್ಲ ನನ್ನದೇ ಎನ್ನುವಂತೆ ನನ್ನ ಮುಖ ನೋಡಿದರು.

“ಯಾಕೆ ಮೇಡಂ, ಪ್ರಿನ್ಸಿಪಾಲರಿಗೆ ಮಾಟ ಮಾಡ್ಸೋದೈತಾ?” ಎಂದೆ.

“ಅದಕ್ಕೆ ಕುರಿ ಸಾಲಲ್ಲ ಸಾರ್. ನನಗೆ ಬೇಕಾಗಿರೋದು ಒಂದು ಸಣ್ಣ ಸೀಸೆ ಅಷ್ಟೆ. ನೀವು ಭಾನುವಾರ ಹೆಂಗೂ ಮಟನ್ ಅಂಗಡಿಗೆ ಹೋಗ್ತೀರಲ್ಲ.”

ಹೋಗುತ್ತಿದ್ದೆ. ಐಮಂಗಲದ ಕಡೆಯವನಾದ ನಾನು ಮಾಂಸ ತಿನ್ನುವುದನ್ನು ಯಾರಿಂದಲೂ ಮುಚ್ಚಿಟ್ಟವನಲ್ಲ. ಇತಿಹಾಸ ಪಾಠ ಮಾಡುವ ನನಗೂ ರಸಾಯನಶಾಸ್ತ್ರಕ್ಕೂ ನಂಟು ಬೆಳೆದದ್ದು ಈ ಒಂದೇ ಅರ್ಹತೆಯಿಂದ. ಇದು ತೊಂಬತ್ತರ ದಶಕದ ಮಾತು.

ಮೇಡಂ ಹೋದ ತಿಂಗಳು ತೀರಿಕೊಂಡರು. ಕಾಲೇಜಿನಲ್ಲಿ ಸಂತಾಪ ಸಭೆ ಇಟ್ಟಿದ್ದರು, ನಿವೃತ್ತರಾದ ನಾವೆಲ್ಲ ಹೋಗಿದ್ದೆವು. ಶಿಸ್ತು ಎಂದರು, ಸರಳತೆ ಎಂದರು, ಸಮಯಪಾಲನೆ ಎಂದರು. ಇವು ಯಾರು ಸತ್ತರೂ ಹೇಳುವ ಮಾತು. ನಾಳೆ ನಾನು ಸತ್ತರೂ ಸಮಯಪಾಲನೆ ಅನ್ನುತ್ತಾರೆ, ಒಂದು ದಿನವೂ ಮೊದಲ ಪೀರಿಯಡ್ಡಿಗೆ ಸರಿಯಾಗಿ ಹೋಗದ ನನಗೆ. ರಕ್ತದ ವಿಷಯ ಯಾರೂ ಎತ್ತಲಿಲ್ಲ, ಶಾವಿಗೆಯ ವಿಷಯವನ್ನೂ ಎತ್ತಲಿಲ್ಲ. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಇದನ್ನು ಬರೆಯಲು ಕೂತಿದ್ದೇನೆ.

ಮೊದಲ ಸಲ ನಾನು ತಂದ ರಕ್ತ ದಾರಿಯಲ್ಲೇ ಹೆಪ್ಪುಗಟ್ಟಿತ್ತು. ಮೇಡಂ ಬೈಯಲಿಲ್ಲ. ತಳದಲ್ಲಿ ಏನೋ ಬಿಳಿ ಪುಡಿ ಹಾಕಿದ ಬೇರೆ ಸೀಸೆ ಕೊಟ್ಟು, “ಇದರಲ್ಲಿ ಹಿಡೀರಿ, ಹಿಡಿದ ತಕ್ಷಣ ಅಲ್ಲಾಡಿಸ್ರಿ” ಎಂದರು. ಮಟನ್ ಅಂಗಡಿಯವನು ನನ್ನನ್ನು ಅನುಮಾನದಿಂದ ನೋಡುತ್ತಾ, “ಯಾವ ದೇವ್ರಿಗೆ ಮೇಷ್ಟ್ರೇ?” ಎಂದು ಕೇಳಿದ. ವಿಜ್ಞಾನಕ್ಕೆ ಎಂದೆ. “ಅದು ಯಾವ ಊರಾಗೈತೆ?” ಎಂದ.

ಸೋಮವಾರ ಸಂಜೆ ಕ್ಲಾಸು ಮುಗಿದ ಮೇಲೆ ಮೇಡಂ ನನ್ನನ್ನು ಲ್ಯಾಬಿಗೆ ಕರೆದರು. ರಕ್ತಕ್ಕೆ ನೀರು ಬೆರೆಸಿ ತೆಳ್ಳಗೆ ಮಾಡಿ ಎರಡು ಸೀಸೆಗಳಿಗೆ ಹಾಕಿದ್ದರು. ಒಂದರಲ್ಲಿ ಕಿಟಕಿಯಾಚೆಯ ಗಾಳಿ. ಇನ್ನೊಂದರಲ್ಲಿ ಇದ್ದಿಲ ಕೆಂಡದ ಮೇಲೆ ಬೋರಲು ಹಿಡಿದು ತುಂಬಿಕೊಂಡ ಗಾಳಿ. ಎರಡನ್ನೂ ಮುಚ್ಚಿ ಚೆನ್ನಾಗಿ ಅಲ್ಲಾಡಿಸಿದರು, ಟ್ಯಾನಿಕ್ ಆಸಿಡ್ ಪುಡಿ ಉದುರಿಸಿದರು. ನೋಡ್ತಾ ಇರಿ ಅಂದರು. ನೋಡುತ್ತಾ ಕೂತೆ. ಮೊದಲನೆಯದು ನಿಧಾನವಾಗಿ ರಾಗಿ ಅಂಬಲಿಯ ಬಣ್ಣಕ್ಕೆ ತಿರುಗಿತು. ಎರಡನೆಯದು ತಿರುಗಲೇ ಇಲ್ಲ, ಗುಲಾಬಿಯ ಹಾಗೆ ಕೆಂಪಗೆ ನಿಂತಿತು.

“ಈ ಕೆಂಪಿರೋದೇ ಆರೋಗ್ಯ ಅಲ್ವಾ ಮೇಡಂ?” ಎಂದೆ.

“ಎಲ್ಲಾರೂ ಹಂಗೇ ಅನ್ಕಂತಾರೆ” ಎಂದರು. “ಇದು ಕಾರ್ಬನ್ ಮೊನಾಕ್ಸೈಡ್ ಸಾರ್. ಕೆಂಡ ಅರೆಬರೆ ಉರಿದ್ರೆ ಹುಟ್ಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣೂ ಉರಿಯಲ್ಲ. ರಕ್ತ ಏನ್ ಮಾಡುತ್ತೆ ಗೊತ್ತಾ, ಒಳ್ಳೆ ಗಾಳಿನ ಬಿಟ್ಟು ಇದನ್ನ ತಬ್ಬಿಕಂಡುಬಿಡುತ್ತೆ. ಮತ್ತೆ ಸುಲಭಕ್ಕೆ ಬಿಡಲ್ಲ.”

ಅವರು ಕುಳ್ಳಗೆ, ದಪ್ಪಗೆ ಇದ್ದರು. ನಡೆಯುವಾಗ ಬ್ಯಾಗು ತೊಡೆಗೆ ಬಡಿಯುತ್ತಿತ್ತು, ಏಕೆಂದರೆ ಅದರ ತುಂಬ ಕಲ್ಲು. ಹೊಸದುರ್ಗದ ದಾರಿಯಲ್ಲಿ ಬಸ್ಸು ಕೆಟ್ಟು ನಿಂತರೆ ಉಳಿದವರು ಡ್ರೈವರನ್ನು ಬೈಯುತ್ತಿದ್ದರು, ಇವರು ಕೆಳಗಿಳಿದು ರಸ್ತೆ ಪಕ್ಕದ ಕರಿ ಕಲ್ಲು ಆರಿಸುತ್ತಿದ್ದರು. “ಇದು ಮ್ಯಾಂಗನೀಸು ಸಾರ್. ದುರ್ಗದ ಪಕ್ಕದಾಗೆ ತಾಮ್ರ ಐತೆ. ಎರಡೂ ನಮ್ಮ ಜಿಲ್ಲೆಯವೇ, ಒಂದಕ್ಕೊಂದು ಮಾತಾಡ್ಸಿಲ್ಲ ಅಷ್ಟೆ” ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ತಂಗಿಯ ಮಗಳೊಬ್ಬಳನ್ನು ಸಾಕಿ, ಓದಿಸಿ, ಆಗತಾನೆ ಹೊಳಲ್ಕೆರೆಗೆ ಮದುವೆ ಮಾಡಿ ಕೊಟ್ಟಿದ್ದರು.

ಮೂಗನ್ನು ನಂಬಬೇಡಿ ಎಂಬುದು ಅವರು ಪ್ರತಿ ವರ್ಷ ಹೊಸ ಹುಡುಗರಿಗೆ ಹೇಳುತ್ತಿದ್ದ ಮೊದಲ ಮಾತು. ನಮ್ಮ ಊರಿನ ಮನೆಯ ಗೃಹಪ್ರವೇಶಕ್ಕೆ ಬಂದಿದ್ದಾಗ ಒಂದು ಪ್ರಸಂಗ ನಡೆಯಿತು. ಚಳಿಗಾಲದ ಬೆಳಿಗ್ಗೆ. ಐಮಂಗಲದ ಹೈವೇ ಪಕ್ಕದಲ್ಲಿ ಲಾರಿ ನಿಲ್ಲಿಸಿಕೊಂಡು, ಗಾಜು ಏರಿಸಿಕೊಂಡು, ಒಳಗೆ ಸಣ್ಣ ಇದ್ದಿಲ ಒಲೆ ಇಟ್ಟುಕೊಂಡು ಒಬ್ಬ ಡ್ರೈವರ್ ಮಲಗಿದ್ದ. ಮೇಡಂ ಬಸ್ಸಿಳಿದವರು ನಮ್ಮ ಮನೆಗೆ ಬರುವುದು ಬಿಟ್ಟು ಲಾರಿಯ ಬಾಗಿಲು ಬಡಿಯತೊಡಗಿದರು. ಅವನು ಕಣ್ಣುಜ್ಜುತ್ತಾ ಗಾಜು ಇಳಿಸಿ, “ಏನಮ್ಮಾ, ಏನಾತು?” ಎಂದ. “ಏನೂ ಇಲ್ಲಪ್ಪ, ಬದುಕಿದ್ದೀಯೇನೋ ನೋಡ್ದೆ. ಗಾಜು ಏರಿಸಬ್ಯಾಡ” ಎಂದು ಹೇಳಿ ಬಂದರು. ನಮ್ಮ ಮನೆಯಲ್ಲೂ ಮೊದಲು ಅಡುಗೆಮನೆ ನೋಡಿ, ಹೊಗೆ ಹೋಗುವ ದಾರಿ ಎಲ್ಲಿದೆ ಎಂದು ಕೇಳಿ, ಆಮೇಲೆ ಪೂಜೆಗೆ ಕೂತರು. ನನ್ನ ಹೆಂಡತಿಗೆ ಸ್ವಲ್ಪ ಬೇಜಾರಾಯಿತು.

ಶಾವಿಗೆಗೆ ಬರುತ್ತೇನೆ. ಒಂದು ಭಾನುವಾರ ರಕ್ತ ಕೊಡಲು ಅವರ ಮನೆಗೆ ಹೋದೆ. ಕೋಟೆಯ ಕೆಳಗಿನ ಬೀದಿಯಲ್ಲಿ ಬಾಡಿಗೆ ಮನೆ. ತಾರಸಿ ಮೇಲಿದ್ದಾರೆ ಎಂದರು, ಹತ್ತಿದೆ. ಓನರಮ್ಮನ ಸಂಡಿಗೆಯ ಪಕ್ಕದಲ್ಲಿ ಹಳೇ ಪಂಚೆ ಹಾಸಿ, ಅದರ ಮೇಲೆ ಹೊಳಲ್ಕೆರೆ ಸಂತೆಯಲ್ಲಿ ಕೊಂಡ ಶಾವಿಗೆ ಒರಳಿನಿಂದ ಮೇಡಂ ಏನನ್ನೋ ಒತ್ತುತ್ತಿದ್ದರು. ಕಾಡಿಗೆಯಷ್ಟು ಕಪ್ಪು ಶಾವಿಗೆ. ಮೊಣಕೈವರೆಗೆ ಮಸಿ, ಕೆನ್ನೆಯ ಮೇಲೂ ಒಂದು ಗೀಟು. ಓನರಮ್ಮ ಸಂಡಿಗೆಗೆ ಕಾವಲು ಕೂತಿದ್ದವರು ನನ್ನನ್ನು ಕಂಡು, “ನೋಡ್ರಿ ಮೇಷ್ಟ್ರೇ, ನಮ್ಮ ಸಂಡಿಗೆಗೆ ಬರೋ ಕಾಗೆ ಇವರ ಶಾವಿಗೆ ಕಡೆ ತಿರುಗೂ ನೋಡಲ್ಲ” ಎಂದು ದೂರು ಹೇಳಿದರು.

ಆ ಕರಿ ಶಾವಿಗೆಯೇ ಮೇಡಂ ಅವರ ಸಾಹಸ. ಮ್ಯಾಂಗನೀಸಿನ ಆಕ್ಸೈಡು, ತಾಮ್ರದ ಆಕ್ಸೈಡು, ಎರಡರ ಕೂಟ. ಮೊದಲು ದಾರಿಯಲ್ಲಿ ಆರಿಸಿದ ಕಲ್ಲನ್ನೇ ಪುಡಿ ಮಾಡಿ ನೋಡಿದ್ದರಂತೆ, ಅದು ಪುಡಿಯಾಗಿಯೇ ಉಳಿಯಿತು, ಏನೂ ಕೆಲಸ ಮಾಡಲಿಲ್ಲ. ಕರಗಿಸಿ ಮತ್ತೆ ನೀರಿನಿಂದ ಹುಟ್ಟಿಸಬೇಕು, ತೊಳೆಯಬೇಕು, ಒಣಗಿಸಬೇಕು, ಹದವಾಗಿ ಕಾಯಿಸಬೇಕು. ತಾಮ್ರಕ್ಕಾಗಿ ಹೊಸದುರ್ಗದ ಗೊಬ್ಬರದಂಗಡಿಯಲ್ಲಿ ಮೈಲುತುತ್ತ ಕೊಳ್ಳುತ್ತಿದ್ದರು. ಅಂಗಡಿಯವನು, “ಎಷ್ಟು ಎಕರೆ ದಾಳಿಂಬೆ ಐತೆ ಮೇಡಂ?” ಎಂದರೆ, “ಎಕರೆ ಇಲ್ಲಪ್ಪ, ಒಂದೇ ಒಂದು ಕೋಣೆ ಐತೆ” ಎನ್ನುತ್ತಿದ್ದರು. ಅವನಿಗೆ ಅರ್ಥವಾಗುತ್ತಿರಲಿಲ್ಲ. ನನಗೂ ಆಗ ಆಗಿರಲಿಲ್ಲ.

ಇಂಥದ್ದನ್ನು ಮೊದಲ ಮಹಾಯುದ್ಧದ ಹೊತ್ತಿಗೇ ಮಾಡಿದ್ದರು, ಗಣಿಯೊಳಗೆ ಇಳಿಯುವವರು ಮೂಗು ಬಾಯಿಗೆ ಕಟ್ಟಿಕೊಳ್ಳುವ ಡಬ್ಬಿಯಲ್ಲಿ ಈಗಲೂ ಇರುತ್ತದೆ ಎಂದು ಮೇಡಂ ಹೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ಯುದ್ಧ ಎಂದರೆ ನಮ್ಮ ಇಲಾಖೆ. ಆಮೇಲೆ ನಾನು ದಿನಾ ಒಂದೊಂದು ಪ್ರಶ್ನೆ ಹಿಡಿದುಕೊಂಡು ಲ್ಯಾಬಿಗೆ ಹೋಗತೊಡಗಿದೆ. ಇದು ವಿಷವನ್ನು ಹೀರಿಕೊಳ್ಳುತ್ತದೋ? ಇಲ್ಲ. ಮತ್ತೆ? ಸುಡುತ್ತದೆ. ಬೆಂಕಿ ಎಲ್ಲಿದೆ? ಬೆಂಕಿ ಬೇಡ.

“ಕುಲುಮೆಯೊಳಗೆ ಹಾಕಿದ್ರೆ ಯಾವ ಕಸನಾದ್ರೂ ಉರಿಯುತ್ತೆ ಸಾರ್, ಅದೇನು ಹೆಚ್ಚಲ್ಲ. ಈ ಗಾಳಿ ಮನುಷ್ಯರ ಮೈ ಬೆಚ್ಚಗಿರುತ್ತಲ್ಲ, ಅಷ್ಟರಲ್ಲೇ ಉರಿದು ಹೋಗ್ಬೇಕು. ಅದೇ ಮಜಾ.”

“ಉರಿದ ಮೇಲೆ ಶಾವಿಗೆ ಖರ್ಚಾಗಲ್ವಾ?”

“ಸಂತೇಲಿ ಕಟ್ಟೆ ಇರುತ್ತಲ್ಲ. ಕೊಡೋನೂ ಬಂದು ಕೂರ್ತಾನೆ, ತಗಳೋನೂ ಬಂದು ಕೂರ್ತಾನೆ, ವ್ಯಾಪಾರ ಮುಗಿಸಿ ಎದ್ದು ಹೋಗ್ತಾರೆ. ಕಟ್ಟೆ ಅವರ ಹಿಂದೆ ಹೋಗುತ್ತಾ? ಕಾರ್ಬನ್ ಮೊನಾಕ್ಸೈಡು ಬಂದು ಕೂರುತ್ತೆ, ಆಮ್ಲಜನಕ ಬಂದು ಕೂರುತ್ತೆ. ಎದ್ದು ಹೋಗೋದು ನಾವು ನೀವು ಉಸಿರು ಬಿಡೋ ಗಾಳಿ. ಒಂದೇ ಕಷ್ಟ ಸಾರ್, ನೀರು. ಮಳೆ ಬಂತು ಅನ್ರಿ, ವ್ಯಾಪಾರ ಇಲ್ಲದೋರೆಲ್ಲ ಬಂದು ಕಟ್ಟೆ ಹತ್ತಿ ಕುಂತ್ಕಂಬಿಡ್ತಾರೆ. ತೇವ ತಗುಲಿದ್ರೆ ಇದು ಬರೀ ಮಸಿ.”

ಅಷ್ಟಕ್ಕೂ ಈ ಗಾಳಿ ನಿಮಗೆ ಎಲ್ಲಿ ಗಂಟುಬಿತ್ತು ಮೇಡಂ ಎಂದು ಒಂದು ಸಂಜೆ ಕೇಳಿಬಿಟ್ಟೆ. ಅವರು ಸೀಸೆ ತೊಳೆಯುತ್ತಿದ್ದರು. ತೊಳೆದು ಮುಗಿಸಿ, ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತು ಹೇಳಿದರು.

ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಅವರ ತವರು. ಅವರ ತಾಯಿ ಬಾಣಂತನ ಮಾಡುವುದರಲ್ಲಿ ಸುತ್ತೆಲ್ಲ ಹೆಸರಾದವರು. ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ಎರೆಯಲು, ಬಾಣಂತಿಗೆ ಕಾಯಿಸಲು ಅವರನ್ನೇ ಕರೆಯುತ್ತಿದ್ದರು. ಬಾಣಂತಿ ಕೋಣೆಯ ಕ್ರಮ ನಮ್ಮ ಕಡೆಯವರಿಗೆಲ್ಲ ಗೊತ್ತಿದ್ದದ್ದೇ. ಗಾಳಿ ಸೋಕಬಾರದೆಂದು ಕಿಟಕಿಗೆ ಹಳೇ ಕಂಬಳಿ ತುರುಕಿ, ಕಿವಿಗೆ ಬಟ್ಟೆ ಕಟ್ಟಿ, ಮಂಚದ ಕೆಳಗೆ ಕೆಂಡದ ಬಾಂಡ್ಲಿ ಇಡುವುದು. ಮೇಡಂ ಅವರ ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಳೆಗಾಲ. ಒಂದು ಬೆಳಿಗ್ಗೆ ತಲೆ ಸಿಡಿಯುತ್ತಿದೆ, ವಾಕರಿಕೆ ಬರುತ್ತಿದೆ ಎಂದಳಂತೆ. ಥಂಡಿ ಹೊಕ್ಕಿದೆ ಎಂದುಕೊಂಡ ತಾಯಿ ಇನ್ನೊಂದು ಬಾಂಡ್ಲಿ ಕೆಂಡ ತಂದಿಟ್ಟು, ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ತುರುಕಿದರು. ಆಮೇಲೆ ಎಳೆಬಿಸಿಲು ಬಂದಿತೆಂದು ಕೂಸನ್ನು ಎತ್ತಿಕೊಂಡು ಜಗಲಿಗೆ ಹೋದರು. ಅದರಿಂದ ಕೂಸು ಉಳಿಯಿತು. ಒಳಗೆ ಬಂದು ನೋಡುವಾಗ ತಂಗಿಯ ಉಸಿರು ನಿಂತಿತ್ತು.

“ನಾನು ಹೋಗೋ ಹೊತ್ತಿಗೆ ವಿಭೂತಿ ಹಚ್ಚಿ ಕೂರಿಸಿದ್ರು ಸಾರ್. ಮುಖ ಕೆಂಪಗೆ, ಆಗ ತಾನೇ ಎರಕೊಂಡು ಬಂದೋಳ ಹಂಗೆ. ಹೆಂಗಸರೆಲ್ಲ ದೇವಿ ಕಳೆ ನೋಡ್ರೇ, ಪುಣ್ಯವಂತೆ ಅಂತಿದ್ರು. ನಾನು ಆಗ ಕೆಲಸಕ್ಕೆ ಸೇರಿದ್ದ ಹೊಸದು. ಆ ಕೆಂಪು ಏನು ಅಂತ ಆ ಗುಂಪಲ್ಲಿ ಗೊತ್ತಿದ್ದೋಳು ನಾನೊಬ್ಳೇ.”

“ಅವ್ವಗೆ ಹೇಳಿದ್ರಾ?”

“ಏನಂತ ಹೇಳ್ಲಿ ಸಾರ್?”

ಆ ಕೂಸೇ ಮೇಡಂ ಸಾಕಿದ ಹುಡುಗಿ. ಅವಳಿಗೆ ಈಗ ದಿನ ತುಂಬುತ್ತಾ ಬಂದಿತ್ತು. ಬಾಣಂತನ ತಾಳ್ಯದಲ್ಲೇ ಆಗಬೇಕು, ತಾನೇ ಮಾಡಬೇಕು ಎಂದು ಅಜ್ಜಿ ಹಠ ಹಿಡಿದು ಕೂತಿದ್ದರು. ಮಗಳಿಗೆ ಪೂರ್ತಿ ಮಾಡಲಾಗದ ಬಾಣಂತನವನ್ನು ಮೊಮ್ಮಗಳಿಗಾದರೂ ಮಾಡಿ ಕಣ್ಣು ಮುಚ್ಚುತ್ತೇನೆ ಎನ್ನುತ್ತಿದ್ದರಂತೆ. ಡಾಕ್ಟರು ಕೆಂಡ ಬೇಡ ಅಂದಿದ್ದಾರೆ ಎಂದು ಮೇಡಂ ಹೇಳಿ ನೋಡಿದ್ದರು. “ನಿನ್ನ ಹಡೆದೋಳು ಡಾಕ್ಟ್ರೋ ನಾನೋ?” ಎಂದು ಕೇಳಿದ್ದರು ಅಜ್ಜಿ. ಇಲ್ಲ ಅವ್ವ, ಖಂಡಿತ ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂಬುದಕ್ಕೆ ಇದ್ದದ್ದು ಒಂದೇ ಉತ್ತರ.

ಅದಕ್ಕೇ ಡಬ್ಬಿ. ಕಿಟಕಿ ಮುಚ್ಚೇ ಇರಲಿ, ಕೆಂಡ ಇದ್ದೇ ಇರಲಿ, ಅವ್ವನ ಕ್ರಮವೆಲ್ಲ ಅವ್ವನದೇ ಆಗಿರಲಿ. ಮಂಚದ ಪಕ್ಕದಲ್ಲಿ ಒಂದು ಡಬ್ಬಿ ಸುಮ್ಮನೆ ಕೂತು ಕೋಣೆಯ ವಿಷವನ್ನು ಸುಡುತ್ತಾ ಇರಬೇಕು.

ನನಗೆ ರೇಗಿಹೋಯಿತು. “ಒಂದು ಮಾತು ಹೇಳಿದ್ರೆ ಮುಗಿಯೋ ಕೆಲಸಕ್ಕೆ ಇಷ್ಟೆಲ್ಲಾನಾ ಮೇಡಂ?” ಎಂದೆ.

“ಆ ಒಂದು ಮಾತು ಆಡಬಾರ್ದು ಅಂತಾನೇ ಸಾರ್ ಇಷ್ಟೆಲ್ಲಾ” ಎಂದರು.

ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬಿ. ಹಳೇ ಟೇಪ್ ರೆಕಾರ್ಡರಿನ ಮೋಟಾರಿಗೆ ರೆಕ್ಕೆ ಕಟ್ಟಿ ಒಂದು ಫ್ಯಾನು, ಕರೆಂಟು ಹೋದರೂ ನಿಲ್ಲದಂತೆ ಬ್ಯಾಟರಿ. ಗಾಳಿ ಒಳಗೆ ಬಂದ ಕೂಡಲೇ ತೇವ ಎಳೆದುಕೊಳ್ಳುವ ಬಿಳಿ ಉಪ್ಪಿನ ಪದರ, ಅದರಾಚೆಗೆ ಮುರಿದು ತುಂಬಿದ ಕರಿ ಶಾವಿಗೆ. ತಮ್ಮ ಮನೆಯ ಸಾಮಾನು ಕೋಣೆಯನ್ನು ಮುಚ್ಚಿ, ಕೆಂಡ ಇಟ್ಟು, ಡಬ್ಬಿ ಓಡಿಸಿ, ಬಾಗಿಲ ಸಂದಿಯಿಂದ ರಬ್ಬರ್ ನಳಿಕೆಯಲ್ಲಿ ಒಳಗಿನ ಗಾಳಿ ಎಳೆದು ಪರೀಕ್ಷೆ ಮಾಡಿದರು. ರಕ್ತ ಅಂಬಲಿ ಬಣ್ಣಕ್ಕೆ ತಿರುಗಿತು. ಮತ್ತೆ ಮಾಡಿದರು, ಮತ್ತೆ ತಿರುಗಿತು. ಆ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಪೇಡೆ ಹಂಚಿದರು. ಮೇಡಂಗೆ ಯಾವುದೋ ಸಂಬಂಧ ಕೂಡಿ ಬಂದಿದೆ ಎಂದು ಗಣಿತದ ಮೇಷ್ಟ್ರು ನನ್ನ ಕಿವಿಯಲ್ಲಿ ಹೇಳಿದರು.

ಹುಡುಗಿಗೆ ಹೊಳಲ್ಕೆರೆ ಆಸ್ಪತ್ರೆಯಲ್ಲಿ ಹೆಣ್ಣು ಮಗು ಆಯಿತು. ತಾಳ್ಯಕ್ಕೆ ಕರೆದುಕೊಂಡು ಹೋದರು. ಮೇಡಂ ರಜೆ ಹಾಕಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದರು. ಕೆಲವು ದಿನಗಳ ಮೇಲೆ ನನಗೆ ಫೋನು ಬಂತು. “ಸಾರ್, ಭಾನುವಾರ ಕೂಸು ನೋಡಾಕೆ ಬರ್ರಿ. ಬರುವಾಗ ಹೊಸ ಸೀಸೆ ತಗಂಡು ಬರ್ರಿ.”

ಹೋದೆ. ಕೈಚೀಲದಲ್ಲಿ ಮೇಲೆ ಬಾಳೆಹಣ್ಣು, ಕೂಸಿಗೊಂದು ಕುಲಾವಿ, ಅಡಿಯಲ್ಲಿ ಬಟ್ಟೆ ಸುತ್ತಿದ ರಕ್ತದ ಸೀಸೆ. ದಾರಿಯುದ್ದಕ್ಕೂ ಜಿಟಿಜಿಟಿ ಮಳೆ. ಅಜ್ಜಿ ಬಾಗಿಲಲ್ಲೇ ಎದುರಾದರು. ತೆಳ್ಳಗೆ, ಎತ್ತರಕ್ಕೆ, ಆ ವಯಸ್ಸಿಗೂ ಬೆನ್ನು ನೆಟ್ಟಗಿದ್ದ ಹೆಂಗಸು. “ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ. ನನ್ನ ಮಗಳು ನಿಮ್ಮ ಸುದ್ದಿ ಭಾಳ ಹೇಳ್ತಾಳೆ. ಕೊಡ್ರಿ ಚೀಲ, ಹಣ್ಣು ದೇವರ ಮುಂದೆ ಇಡ್ತೀನಿ” ಎಂದು ಕೈ ಹಾಕಿದರು. ನಾನು ಚೀಲವನ್ನು ಎದೆಗೆ ಅವುಚಿಕೊಂಡೆ. ಅವರೂ ಬಿಡಲಿಲ್ಲ. ಲಿಂಗವಂತರ ಮನೆಯ ದೇವರ ಮುಂದೆ ಕುರಿಯ ರಕ್ತ! ಮೇಡಂ ಓಡಿಬಂದು, “ಅದರಾಗೆ ಕಾಲೇಜಿನ ಸಾಮಾನು ಐತವ್ವ” ಎಂದು ಕಿತ್ತುಕೊಂಡದ್ದರಿಂದ ಮಾನ ಉಳಿಯಿತು.

ಡಬ್ಬಿಯ ಬಗ್ಗೆ ಅಜ್ಜಿಗೆ ಬಹಳ ಅಭಿಮಾನ. “ಜುಯ್ ಅಂತೈತೆ, ಅದರ ಸದ್ದಿಗೆ ಕೂಸು ಕಣ್ಣು ಮುಚ್ತೈತೆ. ನನ್ನ ಮಗಳು ಮಾಡಿರೋದು” ಎಂದರು. ಬಾಗಿಲಿಂದ ಇಣುಕಿ ನೋಡಿದರೆ ಡಬ್ಬಿಗೆ ಮೂರು ಬೆರಳಿನ ವಿಭೂತಿ ಎಳೆದಿದ್ದರು.

ಮೇಡಂ ಸೀಸೆಯೊಂದಿಗೆ ಕೋಣೆಯೊಳಗೆ ಹೋಗಿ, ಅಲ್ಲಿಯ ಗಾಳಿ ತುಂಬಿಕೊಂಡು ಹಿತ್ತಲಿಗೆ ಬಂದರು. ನಾನೂ ಹಿಂದೆಯೇ ಹೋದೆ. ಅಲ್ಲಾಡಿಸಿದರು, ಪುಡಿ ಹಾಕಿದರು. ಇಬ್ಬರೂ ನೋಡುತ್ತಾ ನಿಂತೆವು. ತಿರುಗಬೇಕಾಗಿತ್ತು, ತಿರುಗಲಿಲ್ಲ. ಮೇಡಂ ಸೀಸೆಯನ್ನು ಬೆಳಕಿಗೆ ಹಿಡಿದರು. ಕೆಂಪಗೇ ಇತ್ತು.

ಡಬ್ಬಿ ತಂದು ಮುಚ್ಚಳ ತೆಗೆದರು. ಬಿಳಿ ಉಪ್ಪು ಕರಗಿ ನೀರಾಗಿ ತಳದಲ್ಲಿ ನಿಂತಿತ್ತು. ಶಾವಿಗೆ ಒದ್ದೆಯಾಗಿ ಬೆರಳಿಗೆ ಅಂಟುತ್ತಿತ್ತು. ಮಳೆಗಾಲದಲ್ಲಿ ಕೂಸಿನ ಬಟ್ಟೆ ಒಣಗುವುದಿಲ್ಲವೆಂದು ಅಜ್ಜಿ ಕೋಣೆಯೊಳಗೇ ದಾರ ಕಟ್ಟಿ, ಕೆಂಡದ ಮೇಲೆ ಸಾಲಾಗಿ ಹರವಿದ್ದರು. ಮೂಲೆಯ ಬಚ್ಚಲಲ್ಲಿ ದಿನವೂ ಹಂಡೆ ಹಂಡೆ ಬಿಸಿನೀರು. ಆ ಹಬೆಯೆಲ್ಲ ಡಬ್ಬಿಯೊಳಗೆ ಹೋಗಿತ್ತು. ನಮ್ಮ ದುರ್ಗದ ಗಾಳಿಯೋ, ಒಗೆದ ಬಟ್ಟೆ ಹಿಂಡುವಷ್ಟರಲ್ಲಿ ಒಣಗಿಸುವ ಗಾಳಿ. ಅಲ್ಲಿ ಗೆದ್ದ ಡಬ್ಬಿ ಇಲ್ಲಿ ಸೋತಿತ್ತು.

“ಬಾಣಂತಿ ಕೋಣೇಲಿ ಬಟ್ಟೆ ಒಣಹಾಕ್ತಾರೆ ಅನ್ನೋದು ಹಡೆದೋರಿಗೆಲ್ಲ ಗೊತ್ತು ಸಾರ್. ನನಗೆ ಹೊಳೀಲಿಲ್ಲ” ಎಂದರು ಮೇಡಂ.

ಅಷ್ಟರಲ್ಲಿ ಒಳಗಿನಿಂದ ಹುಡುಗಿ ಕೂಗಿದಳು. “ದೊಡ್ಡವ್ವಾ, ಬೆಳಿಗ್ಗೆಯಿಂದ ತಲೆ ಸಿಡೀತೈತೆ. ವಾಕರಿಕೆ ಬೇರೆ.”

“ಥಂಡಿ ಹೊಕ್ಕೈತೆ, ತಡಿಯವ್ವ ಬಂದೆ” ಎಂದು ಅಡುಗೆಮನೆಯಿಂದ ಅಜ್ಜಿಯ ದನಿ. ನಾವು ಒಳಗೆ ಹೋಗುವಷ್ಟರಲ್ಲಿ ಅವರು ಎರಡು ಕೈಯಲ್ಲೂ ಬಟ್ಟೆ ಹಿಡಿದು, ನಿಗಿನಿಗಿ ಕೆಂಡದ ಇನ್ನೊಂದು ಬಾಂಡ್ಲಿ ಎತ್ತಿಕೊಂಡು ಕೋಣೆಯ ಕಡೆ ಹೊರಟಿದ್ದರು. ಮೇಡಂ ಹೋಗಿ ಬಾಗಿಲಿಗೆ ಅಡ್ಡ ನಿಂತರು.

“ಒಳಗೆ ತರಬ್ಯಾಡ ಅವ್ವ.”

“ಯಾಕೇ?”

ಇಷ್ಟು ವರ್ಷ ಹೆದರಿದ್ದ ಆ ಯಾಕೆ ಬಂದೇ ಬಂತು. ಮೇಡಂ ಬಾಗಿಲು ಬಿಟ್ಟು ಸರಿಯಲಿಲ್ಲ. “ಡಬ್ಬಿ ಓಡಬೇಕು ಅಂದ್ರೆ ಕಿಟಕಿ ತೆಗೆದಿರಬೇಕು ಅವ್ವ. ಕೆಂಡನೂ ಹೊರಗಿರಬೇಕು. ಇಲ್ಲಾಂದ್ರೆ ಅದು ಕೆಟ್ಟೋಗುತ್ತೆ” ಎಂದರು.

“ಮೊದ್ಲೇ ಹೇಳಬಾರ್ದೇನೇ, ಇಷ್ಟು ದಿನ ಕೆಡಿಸಿಬಿಟ್ನಲ್ಲ!” ಎಂದು ಅಜ್ಜಿ ಬಾಂಡ್ಲಿಯನ್ನು ಹಿತ್ತಲಿಗೆ ಒಯ್ದರು, ಬಂದು ಮಂಚದ ಕೆಳಗಿನದನ್ನೂ ಎಳೆದುಕೊಂಡು ಹೋದರು. ಕಿಟಕಿಯ ಕಂಬಳಿಯನ್ನು ತಾವೇ ಕಿತ್ತು ತೆಗೆದರು. ಡಾಕ್ಟರ ಮಾತಿಗೆ ಜಗ್ಗದ ಮುದುಕಿ ಮಗಳ ಡಬ್ಬಿಗೆ ಕೆಡುಕಾದೀತೆಂದು ಜಗ್ಗಿದರು. ಮೇಡಂ ಹುಡುಗಿಯನ್ನೂ ಕೂಸನ್ನೂ ಪಡಸಾಲೆಗೆ ಕರೆತಂದು ಕೂರಿಸಿ, ಕೈ ಹಿಡಿದುಕೊಂಡೇ ಇದ್ದರು. ಸಂಜೆಯ ಹೊತ್ತಿಗೆ ಹುಡುಗಿ ತಲೆ ಹಗುರಾಯಿತು ಎಂದು ಉಪ್ಪಿಟ್ಟು ಕೇಳಿದಳು. ಒದ್ದೆ ಮಸಿ ತುಂಬಿದ ಡಬ್ಬಿ ಜುಯ್ ಎನ್ನುತ್ತಾ ಮತ್ತೆ ಕೋಣೆಯಲ್ಲಿ ಕೂತಿತು. ಒಂದು ಪ್ರಯೋಗದ ಬಗ್ಗೆ ಮೇಡಂ ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನಗೆ ಅವರ ಮೇಲೆ ತುಂಬ ಪ್ರೀತಿ ಬಂತು.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮತ್ತೆ ಹೋಗಿದ್ದೆ. ಹೋಳಿಗೆ ಊಟ ಮುಗಿದು ಬಂದವರೆಲ್ಲ ಹೋಗಿದ್ದರು. ಜಗಲಿಯ ಮೇಲೆ ನಾನು, ಮೇಡಂ, ಎಲೆ ಅಡಿಕೆ ತಟ್ಟೆ ಇಟ್ಟುಕೊಂಡು ಅಜ್ಜಿ. ನನ್ನನ್ನು ಹೊರಗಿನವನೆಂದು ಅವರು ಆಗಲೇ ಮರೆತಿದ್ದರು. ಎಲೆಗೆ ಸುಣ್ಣ ಹಚ್ಚುತ್ತಾ ಮಗಳ ಕಡೆ ನೋಡದೆ ಕೇಳಿದರು.

“ಒಂದು ಮಾತು ಕೇಳ್ತೀನಿ. ಈ ಡಬ್ಬಿ ಆವಾಗ ಇದ್ದಿದ್ರೆ ನಿನ್ನ ತಂಗಿ ಉಳೀತಿದ್ಲೇನೇ?”

ಹೌದು ಎನ್ನಬಹುದಿತ್ತು. ಇಲ್ಲ, ಅದು ಬೇರೆ ಕಾಯಿಲೆ ಎನ್ನಬಹುದಿತ್ತು. ಅನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಮೇಡಂ ತಾಯಿಯ ಮುಖವನ್ನೇ ನೋಡುತ್ತಾ ಹೇಳಿದರು.

“ಡಬ್ಬಿ ಕೆಲಸ ಮಾಡ್ಲಿಲ್ಲ ಅವ್ವ. ಅದು ನೆನೆದು ಕೆಟ್ಟೋಗಿತ್ತು.”

“ಮತ್ತೆ ಇವಳನ್ನ ಉಳಿಸಿದ್ದು ಯಾವುದು?”

“ಕಿಟಕಿ.”

ಅಜ್ಜಿ ಎಲೆ ಕೆಳಗಿಡಲಿಲ್ಲ. ಸುಣ್ಣ ಹಚ್ಚುತ್ತಲೇ ಇದ್ದರು. ಎಲೆಯ ತುಂಬ ಸುಣ್ಣವಾಯಿತು, ಬೆರಳು ನಿಲ್ಲಲಿಲ್ಲ. ಕೊನೆಗೆ ಆ ಎಲೆಯನ್ನು ತಟ್ಟೆಯಲ್ಲೇ ಬಿಟ್ಟು, ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು. ಮೇಡಂ ಮುಖ ಮುಚ್ಚಿಕೊಂಡು ಅತ್ತರು.

ಆಮೇಲೆ ಅಜ್ಜಿ ದುರ್ಗಕ್ಕೆ ಬರುವುದನ್ನು ನಿಲ್ಲಿಸಿದರು. ಮೇಡಂ ತಾಳ್ಯಕ್ಕೆ ಹೋದರೆ ಊಟಕ್ಕೆ ಇಕ್ಕುತ್ತಿದ್ದರು, ಮಾತು ಮಾತ್ರ ಇಲ್ಲ. ಬಾಣಂತನಕ್ಕೆ ಕರೆಯಲು ಬಂದವರನ್ನೂ ಮೈ ಸರಿಯಿಲ್ಲ ಎಂದು ವಾಪಸು ಕಳಿಸುತ್ತಿದ್ದರಂತೆ. ಮೇಡಂ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚಿ, ಎರಡು ತುತ್ತು ತಿಂದು ಮುಚ್ಚುತ್ತಿದ್ದರು. ಹೇಳಬಾರದಿತ್ತು ಸಾರ್, ಅವ್ವನ್ನ ನಾನೇ ಕೊಂದೆ ಎಂದು ಒಂದೆರಡು ಸಲ ಅಂದರು. ಲ್ಯಾಬಿನಲ್ಲಿ ತೇವ ತಡೆಯುವ ಹೊಸ ಶಾವಿಗೆಯ ಪ್ರಯತ್ನ ಮಾತ್ರ ನಡೆದೇ ಇತ್ತು. ನಿವೃತ್ತರಾಗುವವರೆಗೂ ನಡೆಯಿತು, ಅದು ಅವರಿಗೆ ಒಲಿಯಲಿಲ್ಲ.

ಕೂಸು ಹುಟ್ಟಿದ ಮುಂದಿನ ಯುಗಾದಿಯ ರಜೆ ಮುಗಿಸಿ ಬಂದ ದಿನ ಮೇಡಂ ನನ್ನನ್ನು ವರಾಂಡಕ್ಕೆ ಕರೆದರು. ತಾಳ್ಯದಲ್ಲಿ ಅವರ ಮನೆಯ ಹಿಂದಿನ ಬೀದಿಯಲ್ಲಿ ಒಂದು ಹೆರಿಗೆಯಾಗಿತ್ತಂತೆ. ಯಾರೂ ಕರೆಯದಿದ್ದರೂ ಅಜ್ಜಿ ಕೋಲೂರಿಕೊಂಡು ಹೋದರಂತೆ. ಸೀದಾ ಬಾಣಂತಿ ಕೋಣೆಗೆ ನುಗ್ಗಿ, ಕಿಟಕಿಗೆ ತುರುಕಿದ್ದ ಬಟ್ಟೆಯನ್ನು ಕೋಲಿನಿಂದ ಎಳೆದು ಹಾಕಿದರಂತೆ. ಆ ಮನೆಯ ಹಿರಿಯಾಕೆ ಎದೆ ಬಡಿದುಕೊಂಡು, “ಏನ್ ಮಾಡ್ತೀಯಜ್ಜಿ, ನೀನೇ ಕಲಿಸಿದ್ದಲ್ವಾ ನಮಗೆ ಮುಚ್ಚೋದು!” ಎಂದರಂತೆ.

“ಅದಕ್ಕೆ ಅವ್ವ ಏನಂದ್ಲು ಗೊತ್ತಾ ಸಾರ್? ‘ಹೂಂ, ನಾನೇ ಕಲಿಸ್ದೆ. ಹಿಂಗೇ ಮುಚ್ಚಿ ನನ್ನ ಮಗಳನ್ನ ನಾನೇ ಕೊಂದೆ. ನೀನು ಮುಚ್ಚಬ್ಯಾಡ’ ಅಂದ್ಲಂತೆ. ಅಲ್ಲಿಂದ ಇನ್ನೊಂದು ಮನೆ. ಅಲ್ಲೂ ಅದೇ ಮಾತು. ಹೋದ ವಾರ ನಮ್ಮ ಸಂಬಂಧಿಕರ ಪೈಕಿ ಬಾಣಂತಿ ಇದ್ದಾಳೆ ಅಂತ ಬಸ್ಸು ಹತ್ತಿ ಮಾಡದಕೆರೆವರೆಗೂ ಹೋಗಿ ಬಂದೈತೆ ಮುದುಕಿ.”

ಮೇಡಂ ನಗುತ್ತಿದ್ದರು, ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಈ ಮಾತು ಕೇಳಿದ್ರೆ ಅವ್ವ ಬದುಕಲ್ಲ ಅಂತ ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದೆ ಸಾರ್. ಅವಳು ಅದನ್ನ ಮನೆಮನೆಗೆ ಹೋಗಿ ಹೇಳ್ತಾವ್ಳೆ.”